ಎಣ್ಣಿ ಕಾಕಾನ ಖಾಲಿ ಕ್ಯಾನು

ಕೊನೆಯ ಆ ದಿನವೂ ನಮ್ಮ ಮನೆಯವರು ಎಂದಿನಂತೆ ಸಪ್ಪಳ ಮಾಡುತ್ತ ಹೋದರು, ಸಪ್ಪಳ ಮಾಡುತ್ತ ಬಂದರು. ಮೋಟರ್ ಸೈಕಲ್ಲಿನ ಹಿಂದೆ ಎರಡೂ ಕಡೆ ಹಳೆಯ ಟ್ಯೂಬಿನಿಂದ ಬಿಗಿದ ಪ್ಲಾಸ್ಟಿಕ್ ಕ್ಯಾನುಗಳು ಒಂದಕ್ಕೊಂದು ಬಡಿದು ಡಬಡಬ ಅನ್ನುತ್ತಿದ್ದವು. ಬಸವನ ಬಾಗೇವಾಡಿಯ ನಮ್ಮ ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಲೂ ಇರಲಿಲ್ಲ. ಒಳಗಿನಿಂದಲೇ ಹೇಳುತ್ತಿದ್ದರು, “ಎಣ್ಣಿ ಕಾಕಾ ಬಂದ್ರು. ಇವತ್ತೂ ಖಾಲಿ.” ತುಂಬಿದ ಕ್ಯಾನು ಸಪ್ಪಳ ಮಾಡುವುದಿಲ್ಲ. ನಮ್ಮ ಮನೆಯ ವ್ಯವಹಾರ ಓಣಿಗೆ ತಿಳಿಯಲು ಮತ್ತೇನೂ ಬೇಕಿರಲಿಲ್ಲ.

ಹೋಟೆಲು, ಫಾಸ್ಟ್ ಫುಡ್ ಗಾಡಿಗಳಲ್ಲಿ ಕರಿದು ಕರಿದು ಕರ್ರಗಾದ ಎಣ್ಣೆಯನ್ನು ಕೊಂಡು ತರುವುದು ಇವರ ಕೆಲಸ. ಒಂದು ಕಂಪನಿ ಅದನ್ನು ಒಯ್ದು ಗಾಡಿ ಓಡಿಸುವ ಡೀಸೆಲ್ ಮಾಡುತ್ತದಂತೆ. ಅದಕ್ಕೂ ಮೊದಲು ಇವರು ಕುಸುಬಿ ಎಣ್ಣೆಯ ಗಾಣದಲ್ಲಿ ದುಡಿದವರು. ಗಾಣ ನಿಂತ ಮೇಲೆ ಇದನ್ನು ಹಿಡಿದರು. “ಎಣ್ಣಿ ಹುಟ್ಟೂದು ನೋಡೇನಿ, ಇನ್ನ ಅದರ ಮಣ್ಣಿಗೂ ನಾನ ಹೋಗಬೇಕಾಗೇತಿ,” ಅಂತ ನಗುತ್ತಿದ್ದರು.

ತೊಂದರೆ ಏನೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿಯೂ ಎಣ್ಣೆ ಸಾಯುತ್ತಿರಲಿಲ್ಲ. ಎಲ್ಲ ಗಾಡಿಗಳ ಮೇಲೂ ‘ಇಲ್ಲಿ ದಿನಾಲು ಹೊಸ ಎಣ್ಣೆ ಬಳಸುತ್ತೇವೆ’ ಅನ್ನುವ ಬೋರ್ಡು. ದಿನಾಲು ಹೊಸದು ಸುರಿಯುವವರ ಹತ್ತಿರ ನಿನ್ನೆಯದು ಇರಬೇಕಲ್ಲ? ಒಬ್ಬರ ಹತ್ತಿರವೂ ಇರಲಿಲ್ಲ. ಹಳೆಯ ಎಣ್ಣೆ ಕೊಟ್ಟರೆ ಹಳೆಯ ಎಣ್ಣೆ ಇತ್ತು ಅಂತ ಒಪ್ಪಿಕೊಂಡಂತಾಗುತ್ತದೆ. ಹಣಕ್ಕಾಗಿ ಮರ್ಯಾದೆ ಕಳೆದುಕೊಳ್ಳುವ ಜನ ನಮ್ಮ ಕಡೆ ಕಡಿಮೆ.

ಒಮ್ಮೆ ನಾವಿಬ್ಬರೂ ತಂಗಡಗಿಗೆ ನನ್ನ ಅಕ್ಕನ ಮಗಳ ಮದುವೆಗೆ ಹೋಗುವಾಗ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿದರು. ಅಲ್ಲಿ ಮೈಬೂಸಾಬನ ಗೋಬಿ ಮಂಚೂರಿ, ಮಿರ್ಚಿ ಭಜಿಯ ಗಾಡಿ. ಮೈಬೂಸಾಬ ನಮ್ಮ ಮಗನ ವಯಸ್ಸಿನವನು, ಬಾಯಿ ಮಾತ್ರ ನಮ್ಮ ಮಾವನವರ ವಯಸ್ಸಿನದು. ಇವರು ಇಳಿಯುವ ಮೊದಲೇ ಅವನು ಕೈ ಮುಗಿದ.

“ಕಾಕಾ, ಎಣ್ಣಿ ಇಲ್ರಿ.”

“ನಾ ಇನ್ನೂ ಕೇಳೇ ಇಲ್ಲಲ್ಲೋ ತಮ್ಮಾ. ನಿನ್ನಿದು ಎಲ್ಲಿ ಹೋತು?”

“ಖಾಲಿ ಆತ್ರಿ.”

“ಬಾಣಲಿ ತುಂಬ ಎಣ್ಣಿ?”

“ಭಜಿ ಕುಡಿತಾವ್ರಿ. ಈ ಬಿಸಲಿಗೆ ಅವಕ್ಕೂ ನೀರಡಿಕಿ.”

“ಮತ್ತ ಇದು ಕರ್ರಗ ಕಾಣಾಕತ್ತೇತಲ್ಲ?”

“ಅದು ಎಣ್ಣಿ ಅಲ್ರಿ ಕಾಕಾ, ಬಾಣಲಿ ಬಣ್ಣ. ಕಬ್ಬಿಣದ್ದೈತಿ.”

ಗೋಬಿಗೆ ಕಾದು ನಿಂತವರೆಲ್ಲ ನಕ್ಕರು. ನಕ್ಕು ಅದೇ ಬಾಣಲೆಯಿಂದ ಬಂದದ್ದನ್ನು ತಟ್ಟೆ ಒಡ್ಡಿ ತೆಗೆದುಕೊಂಡರು. ಇವರು ಹೋದಲ್ಲೆಲ್ಲ ಒಂದೊಂದು ಖಾಲಿ ಕ್ಯಾನು ಬಿಟ್ಟು ಬರುತ್ತಿದ್ದರು, “ಮನಸ್ಸು ಬಂದಾಗ ಹಾಕು” ಅಂತ. ಮೈಬೂಸಾಬ ಅದನ್ನು ಬೋರಲು ಹಾಕಿ ಗಿರಾಕಿ ಕೂಡ್ರಲು ಕೊಟ್ಟಿದ್ದ. ಅದರ ಮೇಲೆಯೇ ಇವರನ್ನು ಕೂಡ್ರಿಸಿ ಒಂದು ತಟ್ಟೆ ಬಿಸಿ ಮಿರ್ಚಿ ಕೊಟ್ಟ. “ತಿನ್ರಿ. ಬಾಯಿ ಒಣಾ ಕಳಿಸಿದ್ರ ನಮ್ಮವ್ವ ಬೈತಾಳ.”

ನಾಲ್ಕೂ ಕಡೆ ಹೀಗೆಯೇ ಆಗುತ್ತಿತ್ತು. ಎಣ್ಣೆ ಕೊಡಲು ನಾಚಿಕೆ, ಬಂದವರನ್ನು ಬರಿಗೈಯಲ್ಲಿ ಕಳಿಸಲೂ ನಾಚಿಕೆ. ಆದ್ದರಿಂದ ಅದೇ ಎಣ್ಣೆಯಲ್ಲಿ ಕರಿದದ್ದು ಒಂದು ತಟ್ಟೆ. ಇವರು ಊರೂರಿನ ಹಳೆಯ ಎಣ್ಣೆಯನ್ನು ತಂದದ್ದು ನಿಜ. ಕ್ಯಾನಿನಲ್ಲಿ ತರಲಿಲ್ಲ ಅಷ್ಟೇ.

ಮದುವೆಯಲ್ಲಿ ನನಗೆ ಒಡಪು ಹಾಕಿ ಗಂಡನ ಹೆಸರು ಹೇಳು ಅಂತ ಹೆಂಗಸರು ಗಂಟು ಬಿದ್ದರು. ನಾನು ಹೆಚ್ಚು ಮಾತಿನವಳಲ್ಲ. ಆದರೂ ಅವತ್ತು ಬಾಯಿಗೆ ಬಂತು: “ಒಲಿ ಮ್ಯಾಲ ಬಾಣಲಿ, ಬಾಣಲ್ಯಾಗ ಮಿರ್ಚಿ, ಶಿವಪ್ಪನವರು ಬಂದ್ರು ನೋಡ್ರಿ ಖಾಲಿ ಕ್ಯಾನ ಹೊತ್ತು ಊರೆಲ್ಲಾ ತಿರುಗಿ!” ಹಂದರದ ಕೆಳಗಿನ ಜನ ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಇವರೇ ನಕ್ಕರು.

ಇಂಡಿಯ ಒಬ್ಬ ಭಜಿಯವನು ಹಳೆಯ ಎಣ್ಣೆ ಅಂದರೆ ಮೊಸರಿನ ಹೆಪ್ಪು ಇದ್ದಂತೆ, ಅದಿಲ್ಲದಿದ್ದರೆ ರುಚಿ ಹತ್ತುವುದಿಲ್ಲ ಅಂದನಂತೆ. “ಹೆಪ್ಪಿಗೆ ಒಂದ ಚಮಚಾ ಸಾಕಲ್ಲೋ, ನೀ ಗಡಿಗಿನ ಇಟ್ಟೀಯಲ್ಲ?” ಅಂತ ಇವರು ಕೇಳಿ ಬಂದರು. ಸಿಂದಗಿಯ ದೊಡ್ಡ ಹೋಟೆಲಿನ ಸಾಹುಕಾರರು ಎಣ್ಣೆಯ ಪಾಕೀಟನ್ನೇ ತೋರಿಸಿದರಂತೆ. ಅದರ ಮೇಲೆ ಕೆಂಪು ಹೃದಯದ ಚಿತ್ರ. ಹೃದಯಕ್ಕೆ ಒಳ್ಳೆಯದು ಅಂತ ಬರೆದಿತ್ತಂತೆ. ಇವರು, “ಸಾಹುಕಾರ್ರ, ಹೃದಯ ಪಾಕೀಟಿನ ಮ್ಯಾಲ ಐತಿ. ಎಣ್ಣಿ ಬಾಣಲ್ಯಾಗ ಐತಿ. ಇಬ್ಬರಿಗೂ ಭೆಟ್ಟಿ ಆಗಿ ಭಾಳ ದಿನ ಆಗಿರಬೇಕು,” ಅಂದರು. ಆ ಚಿತ್ರ ಕತ್ತರಿಸಿ ತಂದು ಅಡಿಗೆಮನೆಯ ಗೋಡೆಗೆ ಅಂಟಿಸಿದರು. ಈಗಲೂ ಅಲ್ಲಿಯೇ ಇದೆ.

ಒಮ್ಮೆ ಬಾಗೇವಾಡಿಯಲ್ಲಿ ಆಹಾರ ತಪಾಸಣೆಯವರು ಬರುತ್ತಾರೆ ಅಂತ ಸುದ್ದಿ ಹಬ್ಬಿತು. ಎಲ್ಲ ಬಾಣಲೆಗಳಲ್ಲಿಯೂ ಮುಖ ಕಾಣುವಂಥ ತಿಳಿ ಎಣ್ಣೆ ಬಂತು. ಇವರಿಗೆ ಹಬ್ಬ. “ನೀಲಾ, ಇವತ್ತ ಹಳೇದು ಹೊರಗ ಬಿದ್ದೇತಿ!” ಅಂತ ಇದ್ದಬದ್ದ ಕ್ಯಾನೆಲ್ಲ ಕಟ್ಟಿಕೊಂಡು ಓಡಿದರು. ಹಳೆಯದು ಬೆಂಚಿನ ಕೆಳಗೆ ಡಬ್ಬಿಗಳಲ್ಲಿ ಕೂತಿತ್ತು, ಯಾರೂ ಕೊಡಲಿಲ್ಲ. ತಪಾಸಣೆಯವರು ಅವತ್ತು ಬರಲಿಲ್ಲ. ಮರುದಿನ ಅದು ಬೀಗರೂರಿಗೆ ಹೋಗಿ ಬಂದವರ ಹಾಗೆ ತಿರುಗಿ ಬಾಣಲೆಗೆ ಬಂತು.

ಇಷ್ಟೆಲ್ಲ ಮಾತಾಡುವ ಮನುಷ್ಯನಿಗೆ ಮನೆಯ ಭಜಿ ಸೇರುತ್ತಿರಲಿಲ್ಲ. ಪಲ್ಯಕ್ಕೆ ಗಾಣದ ಕುಸುಬಿ ಎಣ್ಣೆಯೇ ಬೇಕು, ಒಗ್ಗರಣೆಯ ವಾಸನೆಯಲ್ಲಿಯೇ ಎಣ್ಣೆಯ ಜಾತಕ ಹೇಳುತ್ತಿದ್ದರು. ಆದರೆ ನಾನು ಹೊಸ ಎಣ್ಣೆಯಲ್ಲಿ ಭಜಿ ಮಾಡಿ ಕೊಟ್ಟರೆ ಒಂದು ತುಂಡು ಕಚ್ಚಿ, “ಛಲೋ ಐತಿ. ಆದ್ರ ನಿನ್ನ ಎಣ್ಣಿಗೆ ಇನ್ನೂ ಅನುಭವ ಸಾಲದು,” ಅನ್ನುತ್ತಿದ್ದರು.

ಎದೆ ಹಿಡಿದಂತಾಗುತ್ತದೆ ಅಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕರಿದದ್ದು ಮುಟ್ಟಬಾರದು ಅಂದರು.

“ನಾ ಎಲ್ಲಿ ತಿಂತೇನ್ರಿ, ಅವರು ತಿನ್ನಸ್ತಾರ.”

“ಬ್ಯಾಡ ಅನ್ರಿ.”

“ಎಣ್ಣಿ ಕೇಳಾಕ ಹೋದಂವಾ ಭಜಿ ಬ್ಯಾಡ ಅಂದ್ರ, ನಿನ್ನ ಭಜಿ ಕೆಟ್ಟೈತಿ ಅಂದಂಗ ಆಗತೈತ್ರಿ. ಆಮ್ಯಾಲ ಎಣ್ಣಿ ಕೊಡ್ತಾರೇನ್ರಿ?”

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಕೊನೆಯ ಆ ದಿನ ಅವರು ಹೋದದ್ದು ಮುದ್ದೇಬಿಹಾಳಕ್ಕೆ. ಅಮಾವಾಸ್ಯೆಯೊಳಗೆ ಒಂದಾದರೂ ಕ್ಯಾನು ತುಂಬಿ ಕೊಡದಿದ್ದರೆ ಈ ಕಡೆಯ ಕೆಲಸ ನಿಲ್ಲಿಸುತ್ತೇವೆ ಅಂತ ಕಂಪನಿಯವರು ಫೋನು ಮಾಡಿದ್ದರು. ಸಂಜೆ ಡಬಡಬ ಸಪ್ಪಳ ಬಂತು. ಕೈಕಾಲು ತೊಳೆದು ಬಂದು ಅವರೇ ಹೇಳಿದರು, “ಮೈಬೂಸಾಬ ಮೆತ್ತಗಾಗ್ಯಾನ. ಇವತ್ತ ಬಾಣಲಿ ಬಣ್ಣ ಅನ್ನಲಿಲ್ಲ, ಸುಮ್ಮನ ನಕ್ಕ. ಒಂದ ಕ್ಯಾನು ನೀಲಾ, ಒಂದ ತುಂಬಿ ಬಂದ್ರ ಉಳಿದವರಿಗೂ ನಾಚಿಕಿ ಬಿಡತೈತಿ.” ರೊಟ್ಟಿ ಬೇಡ ಅಂದರು. ಹೊಟ್ಟೆ ತುಂಬಿತ್ತು.

ಮರುದಿನ ಮುಂಜಾನೆ ಕ್ಯಾನು ಬಿಗಿಯುತ್ತ ಬಿಗಿಯುತ್ತ ಕಟ್ಟೆಯ ಮೇಲೆ ಕೂತರು. ಕೂತವರು ಏಳಲಿಲ್ಲ. ಎಣ್ಣೆಯಿಂದಲೇ ಆಯಿತು ಅಂತ ನಾನು ಅನ್ನುವುದಿಲ್ಲ. ನನಗೆ ಅಷ್ಟು ತಿಳಿಯುವುದಿಲ್ಲ.

ಮಣ್ಣಿಗೆ ಬಂದ ಜನರಲ್ಲಿ ನಾಲ್ಕು ತಾಲೂಕಿನ ಭಜಿಯವರೂ ಇದ್ದರು. ಒಬ್ಬ, “ಎಣ್ಣಿ ವಿಷಯದಾಗ ಭಾಳ ಖಡಕ್ ಮನುಷ್ಯಾರಿ, ನಮ್ಮಲ್ಲೆ ಮಾತ್ರ ತಿಂತಿದ್ರು,” ಅಂದ. ಬದಿಯಲ್ಲಿದ್ದವನೂ ಅದನ್ನೇ ಅಂದ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಇವರು ಇದ್ದಿದ್ದರೆ ನಗುತ್ತಿದ್ದರು ಅಂತ ನನಗೆ ಅವತ್ತೂ ಅನ್ನಿಸಿತು.

ನಮ್ಮ ಕಡೆ ಸತ್ತ ಮನೆಯಲ್ಲಿ ದಿನಕರ್ಮ ಮುಗಿಯುವವರೆಗೆ ಒಲೆಯ ಮೇಲೆ ಬಾಣಲೆ ಏರುವಂತಿಲ್ಲ. ಏನನ್ನೂ ಕರಿಯುವಂತಿಲ್ಲ. ಬಂಧುಗಳು ತಂದ ರೊಟ್ಟಿ, ಸಪ್ಪನ ಬೇಳೆ ತಿಂದು ಕೂತಿದ್ದೆವು. ಅಮಾವಾಸ್ಯೆ ಬಂದು ಹೋಯಿತು. ಕಂಪನಿಯವರು ಫೋನು ಮಾಡಲಿಲ್ಲ.

ದಿನಕರ್ಮ ಮುಗಿದ ದಿನ ಮೈಬೂಸಾಬ ಬಂದ. ಅವನ ಮೋಟರ್ ಸೈಕಲ್ಲಿನ ಸದ್ದು ಕೇಳಿತು, ಡಬಡಬ ಕೇಳಲಿಲ್ಲ. ಹಿಂದೆ ಕಟ್ಟಿದ್ದ ಕ್ಯಾನನ್ನು ಎರಡೂ ಕೈಯಿಂದ ಇಳಿಸಿ ಕಟ್ಟೆಯ ಮೇಲೆ ಇಟ್ಟ. ಗಿರಾಕಿಗಳು ಕೂತು ಕೂತು ತಳ ನಗ್ಗಿದ್ದ ಅದೇ ಕ್ಯಾನು. ತುಂಬಿತ್ತು.

“ಚಿಗವ್ವಾ, ನಮ್ಮ ಮಂದ್ಯಾಗೂ ಮನ್ಯಾಗ ಯಾರರೆ ಸತ್ರ ಬಾಣಲಿ ಇಡೂದಿಲ್ರಿ. ಕಾಕಾ ನಮ್ಮ ಮನಿ ಮನಿಶ್ಯಾನ ಆಗಿದ್ರು. ಮಣ್ಣು ಮುಗಿಸಿ ಹೋದಮ್ಯಾಲ ನಾನೂ ಗಾಡಿ ಹಚ್ಚಲಿಲ್ಲ.” ಅವನು ಕ್ಯಾನಿನ ಮುಚ್ಚಳ ಇನ್ನಷ್ಟು ಬಿಗಿ ಮಾಡಿದ. “ದಿನಾ ಒಲಿ ಹಚ್ಚಿ ಬಿಸಿ ಆದಮ್ಯಾಲ ಬಾಣಲಿ ಮುಚ್ಚಳ ತಗೀತಿದ್ದೆ. ಅವತ್ತ ಎಣ್ಣಿ ತಣ್ಣಗ ಕುಂತಿದ್ದನ್ನ ನೋಡಿದೆ. ಡಾಂಬರ ಇದ್ದಂಗ ಇತ್ರಿ. ಭಜಿ ತಗಿಯೂ ಝಾರಿ ಅದರಾಗ ನೆಟ್ಟಗ ನಿಂತಿತು. ಇದನ್ನ ಕಾಕಾಗ ತಿನ್ನಿಸಿದೆ ಅಲ್ಲಾ ಅಂತ…”

ಅವನನ್ನು ಬಾಯಿ ಒಣಾ ಕಳಿಸಬಾರದು ಅಂತ ಅಕ್ಕ ಒಳಗೆ ಬಾಣಲೆ ಇಟ್ಟಳು. ಅವನು ಒಂದು ಭಜಿ ತಿಂದು, ಕಣ್ಣು ಒರೆಸಿಕೊಂಡು, “ಛಲೋ ಅದಾವ್ರಿ,” ಅಂದು ಹೋದ.

ಅವನು ತನ್ನ ‘ದಿನಾಲು ಹೊಸ ಎಣ್ಣೆ’ ಬೋರ್ಡು ತೆಗೆದಿದ್ದಾನೆ ಅಂತ ಮುದ್ದೇಬಿಹಾಳದಿಂದ ಬಂದವರು ಹೇಳುತ್ತಾರೆ. ಉಳಿದವರ ಬೋರ್ಡುಗಳು ಹಾಗೆಯೇ ಇವೆ.

ಇವರ ಮೋಟರ್ ಸೈಕಲ್ ಕಟ್ಟೆಯ ಬದಿಗೆ ನಿಂತಿದೆ. ಟ್ಯೂಬಿನ ಪಟ್ಟಿ ಹಿಂದೆ ಇಳಿಬಿದ್ದಿದೆ. ಕ್ಯಾನು ತುಂಬಿದೆ. ಅದನ್ನು ಕಟ್ಟುವವರು ಇಲ್ಲ.