ಅಣ್ಣ ತೊಳೆದ ರೀಲು

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಹೋದ ಆಯುಧಪೂಜೆಯ ರಾತ್ರಿ ಮರಳೂರಿನ ನಮ್ಮ ಮನೆಯಲ್ಲೇ ನಡೆದದ್ದು. ನೆನೆದರೆ ಭಯಕ್ಕಿಂತ ಮೊದಲು ಸಿಟ್ಟೇ ಬರುತ್ತದೆ...

ನಮ್ಮ ತಾತ ಕುಣಿಗಲ್ ಕಡೆ ಟೆಂಟ್ ಸಿನಿಮಾ ನಡೆಸುತ್ತಿದ್ದರು. ಅವರು ಬಿಟ್ಟುಹೋದದ್ದು ಕೈಯಲ್ಲಿ ತಿರುಗಿಸುವ ಒಂದು ಪ್ರೊಜೆಕ್ಟರು, ಒಂದೇ ಒಂದು ಮೂಕಿ ರೀಲು. ಬೋಳುತಲೆಯವನೊಬ್ಬ ಬಿದ್ದ ಟೋಪಿ ಎತ್ತಿಕೊಳ್ಳಲು ಬಗ್ಗುತ್ತಾನೆ, ಅವನ ಕಾಲೇ ಅದನ್ನು ಒದೆಯುತ್ತದೆ. ಮಾತಿಲ್ಲ, ಹಾಡಿಲ್ಲ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಅದರ ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ, ಹುಡುಕಿ ಸೋತಿದ್ದೆ. ಬೆಂಗಳೂರಿಗೆ ಒಯ್ದು ಕಾಪಿ ಮಾಡಿಸಬೇಕು, ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಇದ್ದೆ.

ಹಬ್ಬದ ದಿನ ನಮ್ಮಣ್ಣ ಸ್ಕೂಟರು, ಮಚ್ಚು, ಪ್ರೊಜೆಕ್ಟರು ಎಲ್ಲ ತೊಳೆದ. ಜೊತೆಗೆ ರೀಲನ್ನೂ ಬಿಚ್ಚಿ, ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿಬಿಟ್ಟಿದ್ದ!

"ಏನಣ್ಣ ಮಾಡ್ಬುಟ್ಟೆ?"

"ಹುಳಿ ವಾಸ್ನೆ ಹೊಡೀತಿತ್ತು ಕಣೋ. ಪೂಜೆ ಸಾಮಾನು, ಹಂಗೇ ಇಡಕ್ಕಾಯ್ತದಾ?"

ಒಂದು ಚಿತ್ರವೂ ಉಳಿದಿರಲಿಲ್ಲ. ರೀಲು ಬರೀ ಗಾಜಿನ ಹಾಗಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ರಾತ್ರಿ ಎಂಟಕ್ಕೆ ದೀಪ ಆರಿಸಿ ಅವನನ್ನು ಗೋಡೆಯ ಮುಂದೆ ಕೂರಿಸಿದೆ.

"ಏನ್ ಹಾಳ್ ಮಾಡಿದೀಯ, ಕಣ್ಣಾರೆ ನೋಡು" ಎಂದು ಹಿಡಿ ತಿರುಗಿಸತೊಡಗಿದೆ.

ಕಟ ಕಟ ಕಟ... ಗೋಡೆಯ ಮೇಲೆ ಬರೀ ಬೆಳಕು. ಊದುಬತ್ತಿಯ ವಾಸನೆಯ ನಡುವೆ ಇದ್ದಕ್ಕಿದ್ದಂತೆ ಬೀಡಿಯ ಘಾಟು ಬಂತು. ತಾತ ಹೋದಮೇಲೆ ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದಿಲ್ಲ.

ಅಣ್ಣ ಕಿಸಕ್ಕನೆ ನಕ್ಕ.

"ನಗ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?"

"ಇಲ್ನೋಡ್ಲಾ... ಎತ್ಕೊಳಕ್ಕೋದ... ಒದ್ದೇಬುಟ್ಟ! ಅಯ್ಯಯ್ಯೋ, ನಾಯಿ ಕಚ್ಕೊಂಡೋಯ್ತು!"

ನಾನು ಗೋಡೆ ನೋಡಿದೆ, ನನಗೆ ಕಂಡದ್ದು ಬರೀ ಬೆಳಕು. ಕೊನೆಗೆ ನಾಯಿ ಬಂದು ಟೋಪಿ ಕಚ್ಚಿಕೊಂಡು ಓಡುತ್ತದೆ, ನಿಜ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ತಾತ ನನಗೆ ತೋರಿಸುತ್ತಿದ್ದಾಗ ಅಣ್ಣ ಮಠದ ಹಾಸ್ಟೆಲಿನಲ್ಲಿದ್ದ, ಈ ರೀಲನ್ನು ಒಮ್ಮೆಯೂ ನೋಡಿದವನಲ್ಲ.

ರೀಲು ಮುಗಿಯಿತು. ದೀಪ ಹಾಕಿದೆ. ಅಣ್ಣ ನಕ್ಕು ಬಂದ ಕಣ್ಣೀರು ಒರೆಸಿಕೊಂಡು, "ಎಷ್ಟ್ ಚೆನ್ನಾಗದೆ! ಸುಮ್ಸುಮ್ನೆ ಬಯ್ದಲ್ಲೋ ನನ್ನ" ಎಂದ.

ಆಮೇಲೆ ಎಷ್ಟೋ ಸಲ ಒಬ್ಬನೇ ಕೂತು ತಿರುಗಿಸಿದ್ದೇನೆ. ಬೀಡಿಯ ಘಾಟು ತಪ್ಪದೆ ಬರುತ್ತದೆ. ಗೋಡೆ ಮಾತ್ರ ಖಾಲಿ.

ತೊಳೆದುಹಾಕಿದವನಿಗೆ ತೋರಿಸಿದ ತಾತ ನನಗೇಕೆ ತೋರಿಸುತ್ತಿಲ್ಲ? ಮೊನ್ನೆ ತಡೆಯಲಾಗದೆ ಆ ಖಾಲಿ ಗೋಡೆಗೇ ಕೂಗಾಡಿದೆ. "ಮುಂದಿನ್ ವಾರ ಮುಂದಿನ್ ವಾರ ಅಂದಿದ್ಕಾ ತಾತ?"

ಘಾಟು ಇನ್ನೂ ಹತ್ತಿರ ಬಂತು...