ದೊಡ್ಡವ್ವನಿಗೊಂದು ಬೇರೆ ರೀಲು

ಹೋದ ತಿಂಗಳು ಶಿಗ್ಗಾಂವಿಯ ನಮ್ಮ ಮನೆಯ ಕಪಾಟು ಖಾಲಿ ಮಾಡುವಾಗ ಕಾಕಾನ ಕ್ಯಾಮರಾದ ಚರ್ಮದ ಚೀಲ ಕೈಗೆ ಬಂತು. ಗುಂಡಿ ಬಿಚ್ಚಿದೊಡನೆ ತೌಡಿನ ವಾಸನೆ. ಹಳೆಯ ಚರ್ಮದ್ದೂ ಇತ್ತು, ಆದರೆ ಮೊದಲು ಮೂಗಿಗೆ ಹತ್ತಿದ್ದು ತೌಡೇ. ಕ್ಯಾಮರಾಕ್ಕೂ ತೌಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿಯ ಬೆನ್ನಿಗೇ ಇದ್ದ ಮನೆಯಲ್ಲಿ ಬೆಳೆದವರನ್ನು ಕೇಳುವ ಪ್ರಶ್ನೆಯಲ್ಲ ಅದು. ಒಗೆದು ಹರವಿದ ಸೀರೆಗೆ, ಶಾಲೆಯ ಪಾಟಿಗೆ, ರೊಟ್ಟಿ ಬುಟ್ಟಿಯ ಮೇಲೆ ಮುಚ್ಚಿದ ಬಟ್ಟೆಗೆ, ಎಲ್ಲಕ್ಕೂ ಅದೇ ಸಣ್ಣ ಧೂಳು. ಗಿರಣಿ ಶುರುವಾದರೆ ನಮ್ಮ ಪಡಸಾಲೆಯ ನೆಲ ನಡುಗುತ್ತಿತ್ತು, ಮಾಡದಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಗಿರಣಿ ನಿಂತಾಗಲೇ ಅದರ ಸದ್ದು ನಮಗೆ ಗೊತ್ತಾಗುತ್ತಿದ್ದದ್ದು. ಆ ಮನೆ ಈಗಿಲ್ಲ. ಪಾಲಾಗಿ, ಮಾರಾಟವಾಗಿ, ಅಲ್ಲೀಗ ಸಾಲು ಅಂಗಡಿಗಳಿವೆ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ಅದರ ವಾಸನೆ ಎಲ್ಲಿ ಅಡಗಿ ಕೂತಿದೆಯೋ ನೀವೂ ಹೇಳಲಾರಿರಿ.

ಕಾಕಾ ನನ್ನ ಅಪ್ಪನ ತಮ್ಮ. ಗಿರಣಿಯಲ್ಲಿ ಚೀಲ ತೂಗಿಸುವ ಕೆಲಸ ಅವನದು. ಹಾನಗಲ್ಲಿನ ಸ್ಟುಡಿಯೋದವನೊಬ್ಬ ಹೊಸ ಕ್ಯಾಮರಾ ಕೊಂಡಾಗ ಅವನ ಹಳೆಯದನ್ನು ಇವನು ಹೊತ್ತು ತಂದ. ನಾನಾಗ ಏಳನೇ ಇಯತ್ತೆ. ಕ್ಯಾಮರಾ ಕಂಡದ್ದೇ ತಡ, ಅವನ ಹಿಂದೆ ಬಿದ್ದೆ. ಹುಡುಗಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಒಂದಿಬ್ಬರು ಅಂದರು. ಕಾಕಾ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಆದರೆ ನನ್ನನ್ನೂ ಸುಲಭಕ್ಕೆ ಬಿಡಲಿಲ್ಲ. "ಒಂದ್ ವರ್ಷ ಖಾಲಿ ಕ್ಯಾಮರಾದಾಗ ತಗಿ. ಕೈ ಕುಂತ ಮ್ಯಾಲ ರೀಲ್ ಹಾಕೂಣು," ಅಂದ. ವರ್ಷಕ್ಕೆ ಒಂದು ರೀಲು ಮಾತ್ರ ಮನೆಗೆ ಬರುತ್ತಿದ್ದ ಕಾಲ ಅದು. ಅದರಲ್ಲಿ ಕಲಿಯುವವಳ ಪಾಲು ಇರಲಿಲ್ಲ. ಆ ಕ್ಯಾಮರಾದಲ್ಲಿ ದೂರವನ್ನು ಕಣ್ಣಂದಾಜಿನಿಂದಲೇ ಹಿಡಿದು, ಮಸೂರದ ಸುತ್ತಲಿನ ಬಳೆಯನ್ನು ಅಷ್ಟು ಅಡಿಗೆ ತಿರುಗಿಸಬೇಕಿತ್ತು. ಅಂದಾಜು ತಪ್ಪಿದರೆ ಮುಖ ಮಸುಕು. ಅದಕ್ಕೆ ಕಾಕಾ ಚೀಲ ಹೊಲಿಯುವ ಸುತಳಿಗೆ ಅಡಿಗೊಂದು ಗಂಟು ಹಾಕಿ ಕೊಟ್ಟ. ಮೊದಲು ನಾನು ದೂರ ಎಷ್ಟೆಂದು ಹೇಳಬೇಕು, ಆಮೇಲೆ ಸುತಳಿ ಹಿಡಿದು ಗಂಟು ಎಣಿಸಬೇಕು. ಸುತಳಿಯ ಇನ್ನೊಂದು ತುದಿ ಹಿಡಿದು ಕೂಡಲು ಒಬ್ಬರು ಬೇಕು. ಮನೆಯಲ್ಲಿ ಅಷ್ಟು ಹೊತ್ತು ಒಂದೇ ಕಡೆ ಕೂತಿರುತ್ತಿದ್ದವಳು ದೊಡ್ಡವ್ವ ಒಬ್ಬಳೇ.

ದೊಡ್ಡವ್ವ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಒಬ್ಬಳೇ ಮಗಳು ಶಾಂತಕ್ಕನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಅಡಿಗೆ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂರುವುದು ಅವಳ ಪದ್ಧತಿ. ಗಿರಣಿಯ ಬೆನ್ನಿಗಿದ್ದ ಮನೆಯಲ್ಲಿ ಅಕ್ಕಿಯಲ್ಲಿ ಕಲ್ಲು ಹುಡುಕುವವಳು ಎಂದು ಎಲ್ಲರೂ ಅವಳನ್ನು ಚಾಷ್ಟಿ ಮಾಡುತ್ತಿದ್ದರು. ಹಿತ್ತಲ ಬೆಳಕು ಎಡಗಡೆಯಿಂದ ಅವಳ ಮೇಲೆ ಬೀಳುತ್ತಿತ್ತು. ದೊಡ್ಡವ್ವ ಸುತಳಿಯ ತುದಿಯನ್ನು ಗಲ್ಲಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, ನನ್ನ ಅಂದಾಜಿಗೆ ಕಾಯುತ್ತಿದ್ದಳು. ನಾನು ಆರು ಎಂದರೆ, "ಏಳು ಅನ್ನು, ನಿಮ್ಮ ಕಾಕಾ ನೋಡಾಕತ್ತಾನ," ಎಂದು ತುಟಿ ಅಲುಗಿಸದೆ ಹೇಳಿಕೊಡುತ್ತಿದ್ದಳು. ಅವಳು ಹೇಳಿದ್ದೇ ಎಷ್ಟೋ ಸಲ ಸರಿ ಇರುತ್ತಿತ್ತು. ಬೆಳಕು ಕಡಿಮೆಯಾದರೆ ಯಾವ ಅಂಕಿಗೆ ತಿರುಗಿಸಬೇಕು, ಎರಡು ಮಾರು ಹತ್ತಿರ ಹೋದರೆ ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲವನ್ನೂ ನಾನು ಕಲಿತದ್ದು ಅವಳ ಮುಖದ ಮೇಲೆ. ದಿನಕ್ಕೆ ಹತ್ತು ಸಲವಾದರೂ ಆ ಖಾಲಿ ಕ್ಯಾಮರಾ ಅವಳೆದುರು ಕಟಕ್ ಅನ್ನುತ್ತಿತ್ತು.

ಪ್ರತಿ ಸಲವೂ ಕೂಡುವ ಮೊದಲು ಅವಳು ಒಂದು ಮಾತು ಕೇಳಿಯೇ ಕೇಳುವಳು. "ರೀಲ್ ಹಾಕೀಯೇನ?" ಇಲ್ಲ ಅಂದರೆ, "ಹಂಗಾದ್ರ ತಗಿಯವ್ವ." ಅದರ ಅರ್ಥ ನನಗೆ ತಿಳಿದದ್ದು ಮುಂದಿನ ವರ್ಷ, ಕ್ಯಾಮರಾದಲ್ಲಿ ನಿಜವಾಗಿಯೂ ರೀಲು ಇದ್ದಾಗ. ನಾನು ಹೌದೆಂದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಮನೆಯ ಶುಭಕಾರ್ಯಗಳಲ್ಲೂ ಹಾಗೆಯೇ. ತೊಟ್ಟಿಲ ಸುತ್ತ ಎಲ್ಲರೂ ನಿಂತು ಕಾಕಾ ಕ್ಯಾಮರಾ ಎತ್ತಿದರೆ ದೊಡ್ಡವ್ವನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. ಗಂಡ ಇಲ್ಲದವಳು ಶುಭದ ಎದುರು ಬರಬಾರದೆಂದು ಅವಳಿಗೆ ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ, ಬಾ ಎಂದು ಕೈಹಿಡಿದು ಎಳೆದವರೂ ಇರಲಿಲ್ಲ. ಆಗ ನನಗೆ ಅದು ಸಿಟ್ಟು ಬರಿಸಲಿಲ್ಲ ಎಂಬುದನ್ನು ನೆನೆದರೆ ಈಗ ಸಿಟ್ಟು ಬರುತ್ತದೆ.

ರೀಲು ಇದ್ದರೆ ಯಾಕೆ ಕೂಡುವುದಿಲ್ಲ ಎಂದು ಒಂದು ದಿನ ಹಟ ಹಿಡಿದು ಕೇಳಿದೆ. ಅವಳು ಕಾಕಾನ ಪೆಟ್ಟಿಗೆಯಿಂದ ತೊಳೆದು ಬಂದ ನೆಗೆಟಿವ್ ಪಟ್ಟಿಯೊಂದನ್ನು ತೆಗೆದು ಬೆಳಕಿಗೆ ಹಿಡಿದಳು. "ಎಲ್ಲಾರೂ ಒಂದ ಪಟ್ಟಿನ್ಯಾಗ ಕುಂತಾರ ನೋಡು. ಬಾಣಂತಿ, ಮದುಮಗಳು, ತೊಟ್ಟಲದಾಗಿನ ಕೂಸು. ಅವರ ಮಗ್ಗಲದಾಗ ನಾ ಬ್ಯಾಡ."

"ನಿಂದು ಬ್ಯಾರೆ ಚೌಕ ಇರ್ತೇತಿ ದೊಡ್ಡವ್ವ."

"ಚೌಕ ಬ್ಯಾರೆ ಖರೆ. ಪಟ್ಟಿ ಒಂದ ಅಲ್ಲ?"

ವರ್ಷಕ್ಕೊಂದೇ ರೀಲಾದ್ದರಿಂದ ಅದರಲ್ಲಿ ಯಾರದಾದರೂ ಮದುವೆಯೋ ಬಸುರಿಯ ಕುಬುಸವೋ ಇದ್ದೇ ಇರುತ್ತಿತ್ತು. ನಾನು ದೊಡ್ಡವಳಾಗಿ ಗಳಿಸಿದರೆ ಅವಳೊಬ್ಬಳಿಗೇ ಒಂದು ಇಡೀ ರೀಲು ತರುತ್ತೇನೆ ಎಂದೆ. ಅವಳು ನಕ್ಕಳು. "ಬ್ಯಾರೆ ರೀಲ್ ತಂದಿ ಅಂದ್ರ ಕುಂಡ್ರತೇನಿ. ತಲಿಗೆ ಎಣ್ಣಿ ಹಚ್ಚಿಕೊಂಡು, ಚೊಲೋ ಸೀರಿ ಉಟ್ಟುಕೊಂಡು ಕುಂಡ್ರತೇನಿ." ಅವಳು ಹಾಗೆ ತನಗಾಗಿ ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನ ಮೊದಲ ರೀಲಿನಲ್ಲಿ ಅರ್ಧದಷ್ಟು ತಲೆ ಕತ್ತರಿಸಿದ ದೇಹಗಳಿದ್ದವು. ಎರಡನೆಯದರಲ್ಲಿ ತಲೆಗಳು ಬಂದವು, ಕಾಲುಗಳು ಹೋದವು. ಕಾಕಾ ಒಂದೊಂದನ್ನೂ ನೆಲದ ಮೇಲೆ ಹರವಿ ಎಲ್ಲಿ ತಪ್ಪಿದೆ ಎಂದು ನನ್ನಿಂದಲೇ ಹೇಳಿಸುತ್ತಿದ್ದ, ನಾನು ನೋಟಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕೈ ನಿಧಾನಕ್ಕೆ ಕೂತಿತು. ಶಿಗ್ಗಾಂವಿಯ ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ ಸಿಕ್ಕಿತು, ಕಾಕಾ ಕ್ಯಾಮರಾವನ್ನೂ ನನಗೇ ಕೊಟ್ಟುಬಿಟ್ಟ. ಮೊದಲ ಸಂಬಳದಲ್ಲಿ ದೊಡ್ಡವ್ವನ ರೀಲು ಕೊಂಡೆ. ಅದು ಸವಣೂರಿನ ದೊಡ್ಡ ಹುಣಸೆಮರಗಳ ಮೇಲೆ ಖರ್ಚಾಯಿತು. ಆ ಭಾನುವಾರ ಬೆಳಕು ಹಾಗಿತ್ತು, ಏನು ಮಾಡಲಿ. ಇನ್ನೊಂದು ಕೊಂಡೆ, ಅದು ಹಾನಗಲ್ಲಿನ ಕೆರೆಯ ಬೆಳ್ಳಕ್ಕಿಗಳಿಗೆ ಹೋಯಿತು. ಮೂರನೆಯದು ಹತ್ತಿಮತ್ತೂರಿನ ದಾರಿಯ ಮೆಣಸಿನಕಾಯಿ ಕಣಗಳಿಗೆ. ನಾನು ದಿನದಿಂದ ದಿನಕ್ಕೆ ಪಳಗುತ್ತಿದ್ದೆ, ಅದರ ಅಮಲೇ ಬೇರೆ. ದೊಡ್ಡವ್ವ ಎಲ್ಲಿಗೂ ಹೋಗುವುದಿಲ್ಲವಲ್ಲ, ಹಿತ್ತಲ ಬಾಗಿಲಲ್ಲಿ ಕೂತೇ ಇರುತ್ತಾಳಲ್ಲ ಎಂದುಕೊಂಡಿದ್ದೆ. ಊರಿಗೆ ಹೋದಾಗ ಅವಳು ರೀಲಿನ ವಿಷಯ ಎತ್ತುತ್ತಿರಲಿಲ್ಲ. ನಾನು ತೆಗೆದ ಬೆಳ್ಳಕ್ಕಿಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಭಾಳ ಚೊಲೋ ಬಂದಾವು," ಅನ್ನುತ್ತಿದ್ದಳು.

ನನ್ನ ತಮ್ಮನ ಮದುವೆಯಾಗಿ ಹದಿನೈದು ದಿನವಾಗಿರಲಿಲ್ಲ, ದೊಡ್ಡವ್ವ ಒಂದು ಮುಂಜಾನೆ ಏಳಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ನಮ್ಮಲ್ಲಿ ಹಾಗೆ ಕೂಡಿಸಿದ ಮೇಲೆ ಮನೆಮಂದಿ ಸುತ್ತ ಕೂತು ಒಂದು ಫೋಟೋ ತೆಗೆಸುವುದು ರೂಢಿ. ಬದುಕಿದ್ದಾಗ ಒಂದೂ ಫೋಟೋ ಇಲ್ಲದ ಎಷ್ಟೋ ಜನರಿಗೆ ಅದೇ ಮೊದಲನೆಯದು. ಶಾಂತಕ್ಕ ತಾಯಿಯ ಮಗ್ಗುಲಲ್ಲಿ ಕೂತು ನನ್ನ ಕಡೆ ನೋಡಿದಳು. "ಅವ್ವಂದು ಒಂದೂ ಫೋಟೋ ಇಲ್ಲ ತಂಗಿ. ತಗಿ." ನನ್ನ ಕ್ಯಾಮರಾದೊಳಗೆ ತಮ್ಮನ ಮದುವೆಯ ರೀಲು ಅರ್ಧ ಉಳಿದಿತ್ತು. ಅರಿಶಿಣ ಹಚ್ಚಿದ್ದು, ಅಕ್ಕಿಕಾಳು ಹಾಕಿದ್ದು, ಹೊಸ ಸೊಸೆ ಹೊಸ್ತಿಲು ದಾಟಿದ್ದು, ಎಲ್ಲ ಅದರಲ್ಲೇ. ಎಷ್ಟೋ ವರ್ಷ ಯಾವ ಸಾಲಿನಲ್ಲಿ ತಾನು ಬೇಡವೆಂದು ಎದ್ದು ಹೋಗುತ್ತಿದ್ದಳೋ ಆ ಸಾಲು. ಇವತ್ತು ಅವಳಿಗೆ ಎದ್ದು ಹೋಗಲು ಬರುವುದಿಲ್ಲ.

ಒಳಕೋಣೆಗೆ ಹೋದೆ. ರೀಲನ್ನು ಹಿಂದಕ್ಕೆ ಸುತ್ತಿ ಹೊರತೆಗೆದು ಚೀಲದಲ್ಲಿಟ್ಟೆ. ಖಾಲಿ ಕ್ಯಾಮರಾ ಹಿಡಿದು ಹೊರಗೆ ಬಂದು, ದೂರ ಅಂದಾಜಿಸಿ, ಬಳೆ ತಿರುಗಿಸಿ, ಮೂರು ಸಲ ಒತ್ತಿದೆ. ಎಲ್ಲರೂ ಅಲುಗಾಡದೆ ಕೂತಿದ್ದರು. ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದ. ಒಳಗೆ ರೀಲು ಇದ್ದರೆ ಮುಂದಕ್ಕೆ ಸುತ್ತುವಾಗ ಎಡಗಡೆಯ ಸಣ್ಣ ತಿರುಪೂ ತಾನಾಗಿ ತಿರುಗುತ್ತದೆ. ಅದು ತಿರುಗದ್ದನ್ನು ಅವನು ನೋಡಿದ. ಮುಂದೆ ಬದುಕಿರುವವರೆಗೂ ಆ ಮಾತು ಎತ್ತಲಿಲ್ಲ. ಹಾನಗಲ್ಲಿಗೆ ಯಾರನ್ನಾದರೂ ಕಳಿಸಿ ಬೇರೆ ರೀಲು ತರಿಸಬಹುದಿತ್ತು ಎಂಬುದು ನನಗೆ ಹೊಳೆದದ್ದು ಮಣ್ಣು ಮಾಡಿ ಬಂದ ಮೇಲೆ. ಬಸ್ಸಿನಲ್ಲಿ ಅಷ್ಟೇನು ದೂರವಿರಲಿಲ್ಲ.

ಮುಂದೆ ಶಾಂತಕ್ಕ ಕೇಳಿದಾಗ ಬೆಳಕು ಹೊಕ್ಕು ರೀಲು ಸುಟ್ಟುಹೋಯಿತೆಂದೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಹೋಗ್ಲಿ ಬಿಡು. ಅಕಿಗೂ ಫೋಟೋ ಅಂದ್ರ ಆಗ್ತಿರ್ಲಿಲ್ಲ." ತಾಯಿಗೆ ಕೊಟ್ಟ ಮಾತು ಉಳಿಸಿಕೊಳ್ಳದೆ, ಮಗಳಿಗೆ ಸುಳ್ಳು ಹೇಳಿ, ನಾನು ಯಾರಿಗೆ ಏನು ಉಪಕಾರ ಮಾಡಿದೆನೋ ಇವತ್ತಿಗೂ ತಿಳಿಯದು. ಆದರೆ ಮತ್ತೆ ಅದೇ ಗಳಿಗೆ ಬಂದರೂ ಆ ರೀಲಿನಲ್ಲಿ ಅವಳನ್ನು ಹಿಡಿಯಲಾರೆ.

ಈಗಿನ ಕ್ಯಾಮರಾದಲ್ಲಿ ರೀಲೂ ಇಲ್ಲ, ಪಟ್ಟಿಯೂ ಇಲ್ಲ. ದೂರವನ್ನು ಅದೇ ನೋಡಿಕೊಳ್ಳುತ್ತದೆ. ಭಾನುವಾರಕ್ಕೆ ಇನ್ನೂರು ಫೋಟೋ ತೆಗೆದು ನೂರತೊಂಬತ್ತು ಅಳಿಸುತ್ತೇನೆ. ಮೊನ್ನೆ ಅದನ್ನು ಹೆಗಲಿಗೆ ಹಾಕಿಕೊಂಡು ಹಿರೇಕೆರೂರಿಗೆ ಹೋದೆ. ಶಾಂತಕ್ಕನಿಗೆ ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಚಹಾ ಕುಡಿದ ಮೇಲೆ, ತನ್ನದೊಂದು ಫೋಟೋ ತೆಗೆಯೆಂದು ತಾನೇ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡಳು. ತೆಗೆದದ್ದನ್ನು ತೋರಿಸಿದೆ. ಚಾಳೀಸನ್ನು ಮೂಗಿನ ಮೇಲೆ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಥೇಟ್ ಅವ್ವ ಕುಂತಂಗ ಐತಿ. ನಾ ಮದುವಿ ಆಗಿ ಬಂದ ಮ್ಯಾಲ ಅಕಿನ್ನ ದಿನಾ ನೋಡಿದಾಕಿ ನೀನ. ನೀ ಹೇಳು, ಅವ್ವನಂಗ ಕಾಣ್ತೇನಿಲ್ಲ?"

ನಾನು ಆ ಚೌಕದೊಳಗಿನ ಮುಖ ನೋಡಿದೆ. ಪಕ್ಕದಲ್ಲಿಟ್ಟು ಹೋಲಿಸಲು ದೊಡ್ಡವ್ವನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತೆಂಬುದು ನೆನಪಾಯಿತು. ದೂರ ಎಷ್ಟಿತ್ತೆಂಬುದು ನೆನಪಾಯಿತು. ಮುಖ ಬರಲಿಲ್ಲ.

"ಹೌದಕ್ಕ, ಹಂಗ ಕಾಣ್ತಿ," ಅಂದೆ. ಹೇಳಲೆಂದು ಹೋದ ನಿಜ ಹಾಗೇ ಉಳಿಯಿತು.

ಶಾಂತಕ್ಕ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದುಕೊಡು ಎಂದಳು.