ಗೋಡೆಯಾಚೆಯ ಮಗ್ಗ ನಿಂತ ಮೇಲೆ

ನಿದ್ದೆಯ ನಿಯಮಗಳನ್ನು ಬರೆದ ಚೀಟಿಯೊಂದು ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಗೆ ಇನ್ನೂ ಸಿಕ್ಕಿಕೊಂಡಿದೆ. ಜಮಖಂಡಿಯ ಡಾಕ್ಟರು ಬರೆದುಕೊಟ್ಟದ್ದು. ವರ್ಷಗಟ್ಟಲೆ ರಕ್ತ ಕೊಟ್ಟು, ಎಕ್ಸ್‌ರೇಗೆ ನಿಂತು, ‘ಎಲ್ಲಾ ನಾರ್ಮಲ್ ಐತ್ರಿ’ ಎಂಬ ಮಾತನ್ನು ಬೈಗುಳದಂತೆ ಕೇಳಿಸಿಕೊಂಡ ಮೇಲೆ, ನನ್ನ ಮೈನೋವಿಗೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು ಹೇಳಿದವರು ಅವರೇ. ನೋವಿಗೆ ನಿದ್ದೆ ಬರುವುದಿಲ್ಲ, ನಿದ್ದೆಯಿಲ್ಲದ್ದಕ್ಕೆ ನೋವು ಹೆಚ್ಚುತ್ತದೆ. ಹೆಸರು ಸಿಕ್ಕ ಖುಷಿಗೆ ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಜಿಲೇಬಿ ತಿಂದೆ. ಇದು ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದು ಅವರು ಹೇಳಿದ್ದು ಜಿಲೇಬಿ ಮುಗಿದ ಮೇಲೆ ನೆನಪಾಯಿತು.

ದಿನಾ ಒಂದೇ ಹೊತ್ತಿಗೆ ಮಲಗಬೇಕು, ಸಂಜೆಯ ಮೇಲೆ ಚಹಾ ಬೇಡ, ಮೊಬೈಲ್ ದೂರ ಇಡಬೇಕು, ಕೋಣೆ ಕತ್ತಲಾಗಿರಬೇಕು, ಸಪ್ಪಳ ಇರಬಾರದು. ಕೊನೆಯದನ್ನು ಬರೆದು ಡಾಕ್ಟರು ಪೆನ್ನು ಎತ್ತಿದರು.

“ಊರು ಯಾವ್ದಂದ್ರಿ?”

“ಬನಹಟ್ಟಿರಿ.”

“ಮನ್ಯಾಗ ಮಗ್ಗ ಅದಾವೇನು?”

“ನಾಕು ಪಾವರ್‌ಲೂಮ್ ಅದಾವ್ರಿ. ನಾವು ಮಲಗೋ ಖೋಲಿ ಗ್ವಾಡಿ ಆಚಿಕಡೆನ.”

ಅವರಿಗೆ ನಗು ತಡೆಯಲಾಗಲಿಲ್ಲ. “ಆತು, ಉಳಿದದ್ದನ್ನರ ಮಾಡ್ರಿ,” ಎಂದರು.

ಮುಧೋಳದಿಂದ ಈ ಮನೆಗೆ ಮದುವೆಯಾಗಿ ಬಂದಾಗ ಆ ಸಪ್ಪಳಕ್ಕೆ ನಾನೂ ಹೌಹಾರಿದ್ದೆ. ಹಗಲು ಸರಿ, ರಾತ್ರಿ ಪಾಳಿಯಲ್ಲೂ ಮಗ್ಗ ಬಡಿಯುತ್ತಿದ್ದವು. ಗೋಡೆ ನಡುಗುತ್ತಿತ್ತು, ಗೋಡೆಗೂಡಿನಲ್ಲಿಟ್ಟ ಸ್ಟೀಲ್ ಲೋಟ ತಾನೇ ಅಂಚಿನತ್ತ ಸರಿಯುತ್ತಿತ್ತು. ಅದು ಯಾವಾಗ ಬೀಳುತ್ತದೋ ಎಂದು ನೋಡುತ್ತ ಎಚ್ಚರವಿರುತ್ತಿದ್ದೆ. ಅತ್ತೆ ಒಂದು ಮುಂಜಾನೆ ನನ್ನ ಕೆಂಪು ಕಣ್ಣು ನೋಡಿ, “ಏನವಾ, ನಿನ್ನ ಗಂಡ ಹುಟ್ಟಿದ ದಿನದಿಂದ ಇದರಾಗ ಮಲಗ್ಯಾನ. ಹಸಗೂಸಿಗೆ ಬರೋ ನಿದ್ದಿ ನಿನಗ ಬರವಲ್ದೇನ?” ಎಂದಿದ್ದರು. ಹಸುಗೂಸಿಗಿಂತ ಕಡಿಮೆಯಾಗಬಾರದೆಂದು ಒಂದೆರಡು ತಿಂಗಳಲ್ಲಿ ಕಲಿತೆ. ಲೋಟವನ್ನು ನೆಲದ ಮೇಲಿಟ್ಟದ್ದರಿಂದಲೂ ಸ್ವಲ್ಪ ಸಹಾಯವಾಯಿತು.

ಡಾಕ್ಟರರ ಚೀಟಿಯನ್ನು ನಾನು ಓದಿ ಮಡಚಿಟ್ಟೆ. ನನ್ನ ಗಂಡ ಓದಿ ಜಾರಿಗೆ ತಂದರು. ಸೀರೆಯ ಡಿಸೈನಿನಲ್ಲಿ ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯುವ ಮನುಷ್ಯ; ಬರೆದಿದ್ದರಲ್ಲಿ ಒಂದನ್ನು ಬಿಟ್ಟು ಉಳಿದದ್ದನ್ನು ಮಾಡು ಎಂದರೆ ಅವರಿಗೆ ತಿಳಿಯುವುದಿಲ್ಲ. ಎಂಟು ದಿನದಲ್ಲಿ ರಾತ್ರಿ ಪಾಳಿ ನಿಲ್ಲಿಸಿಯೇಬಿಟ್ಟರು. ರಾತ್ರಿ ನೇಯುತ್ತಿದ್ದ ನೇಕಾರನಿಗೆ ರಬಕವಿಯಲ್ಲಿ ಬೇರೆ ಕಡೆ ತಾವೇ ಕೆಲಸ ನೋಡಿಕೊಟ್ಟರು. ನಾನು ಬೇಡವೆಂದೆ. ಆದರೆ ಜೋರಾಗಿ ಅನ್ನಲಿಲ್ಲ. ಒಳಗೆ ಆಸೆಯಿತ್ತು.

ಮೊದಲ ರಾತ್ರಿ ಮಗ್ಗ ನಿಂತವು. ಕೌದಿ ಹೊದ್ದು ಕಣ್ಣು ಮುಚ್ಚಿದೆ. ಆ ನಿಶ್ಶಬ್ದದಲ್ಲಿ ನನ್ನ ಮೈ ಒಂದೊಂದಾಗಿ ಮಾತಾಡತೊಡಗಿತು. ಭುಜ, ಆಮೇಲೆ ಸೊಂಟ, ಆಮೇಲೆ ಅಂಗಾಲು. ಕೌದಿಯ ಹೊಲಿಗೆಯ ಸಾಲುಗಳು ಎಲ್ಲೆಲ್ಲಿ ಮೈಗೆ ತಾಗುತ್ತಿವೆಯೆಂದು ಲೆಕ್ಕ ಸಿಗುವಷ್ಟು ನೋವು. ಇಷ್ಟು ದಿನ ಮಗ್ಗದ ಸದ್ದು ಇದನ್ನೆಲ್ಲ ಸ್ವಲ್ಪವಾದರೂ ಮುಚ್ಚಿತ್ತು. ಚಿಂತೆ ಮಾಡುವುದು ನನ್ನ ಹಳೆಯ ಕಸುಬು. ಅದಕ್ಕೂ ಆ ರಾತ್ರಿ ಕೈತುಂಬ ಕೆಲಸ. ಗ್ಯಾಸ್ ಬಂದ್ ಮಾಡಿದೆನೇ? ಇವರು ಇಷ್ಟು ಮಾಡಿದ ಮೇಲೂ ನಿದ್ದೆ ಬರದಿದ್ದರೆ?

ಬೆಳಗಿನ ಜಾವ ಹೊಳೆಯಿತು. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಸುವುದಿಲ್ಲ. ಪೂಜೆ ಮಾಡಿ, ಹೋಳಿಗೆ ಉಂಡು, ಕೈಬಿಟ್ಟು ಕೂಡುವ ದಿನ. ಪ್ರತಿ ಅಮಾವಾಸ್ಯೆಯ ರಾತ್ರಿಯೂ ನಾನು ಉಳಿದ ದಿನಗಳಿಗಿಂತ ಹೆಚ್ಚು ಹೊರಳಾಡಿದ್ದೆ. ಪ್ರತಿ ಸಲವೂ ಹೋಳಿಗೆ ಜಾಸ್ತಿಯಾಯಿತೆಂದು ನನ್ನ ಹೊಟ್ಟೆಯನ್ನೇ ಬೈದುಕೊಂಡಿದ್ದೆ. ತಿಂಗಳಿಗೊಮ್ಮೆ ಇಷ್ಟು ವರ್ಷ ಪರೀಕ್ಷೆ ಬರೆದು, ಒಮ್ಮೆಯೂ ಉತ್ತರ ನೋಡಿರಲಿಲ್ಲ.

“ಹತ್ತಿತೇನ ನಿದ್ದಿ?” ಎಂದು ಗಂಡ ಹಾಸಿಗೆಯ ಪಕ್ಕದಲ್ಲೇ ಕೂತು ಕೇಳಿದರು. ಮುಖದ ತುಂಬ ಆಸೆ.

“ಹತ್ತಿತ್ರಿ,” ಎಂದೆ.

ಆ ಒಂದು ಮಾತು ಮಧ್ಯಾಹ್ನದೊಳಗೆ ಓಣಿ ತುಂಬಿತು. ಪಕ್ಕದ ಮನೆಯಾಕೆ ಬಂದು, “ನಿನ್ನ ಸಲುವಾಗಿ ಮಗ್ಗ ನಿಂದರಿಸ್ಯಾರಂತ! ನಮ್ಮಾಂವ ನನ್ನ ಸಲುವಾಗಿ ಟಿ.ವಿ. ಸುದ್ದಾ ಬಂದ್ ಮಾಡಂಗಿಲ್ಲ. ಇನ್ನರ ಸುಖದಿಂದ ಮಲಗವಾ,” ಎಂದಳು. ಸುಖದಿಂದ ಮಲಗದೆ ಬೇರೆ ದಾರಿಯೇ ಉಳಿಯಲಿಲ್ಲ.

ನಿದ್ದೆಯ ನಟನೆ ಸುಲಭವೆಂದು ತಿಳಿದವರು ನನ್ನ ಮೈಯಲ್ಲಿ ಒಂದು ರಾತ್ರಿ ಇದ್ದು ನೋಡಬೇಕು. ಮಗ್ಗುಲು ಬದಲಿಸುವಂತಿಲ್ಲ, ಅವರಿಗೆ ಗೊತ್ತಾಗುತ್ತದೆ. ಒಂದೇ ಸೊಂಟದ ಮೇಲೆ ಗಂಟೆಗಟ್ಟಲೆ ಬಿದ್ದುಕೊಂಡು, ಉಸಿರನ್ನು ಉದ್ದ ಮಾಡಿ, ನಡುವೆ ಒಂದು ಸಣ್ಣ ಗೊರಕೆಯನ್ನೂ ಸೇರಿಸುತ್ತಿದ್ದೆ. ಒಂದೂವರೆ ತಿಂಗಳು ಹೀಗೇ ನಡೆಯಿತು. ನೋವು ಇಮ್ಮಡಿಯಾಯಿತು.

ಒಂದು ರಾತ್ರಿ ಪಕ್ಕದಿಂದ ಅವರು ಎದ್ದುಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಮಗ್ಗದ ಕೋಣೆಯಲ್ಲಿ ದೀಪ ಹಾಕಿಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು.

“ಏನ್ರಿ, ಇಲ್ಲಿ ಯಾಕ?”

“ನೀ ಯಾಕ ಎದ್ದಿ? ನನ್ನ ಸಪ್ಪಳಕ್ಕ ಎಚ್ಚರಾತೇನ?”

ಆ ಮನುಷ್ಯ ಕ್ಷಮೆ ಕೇಳುವವರಂತೆ ನೋಡಿದರು. ಇನ್ನು ತಡೆಯಲಾಗಲಿಲ್ಲ. “ನಾ ಮಲಗಿದ್ದರ ಎಚ್ಚರಾಗ್ಬೇಕಲ್ರಿ. ಮಗ್ಗ ನಿಂತ ದಿನದಿಂದ ನನಗ ನಿದ್ದಿನ ಹತ್ತಿಲ್ಲ.”

“ಮತ್ತ ನೀ ಗೊರಕಿ ಹೊಡೀತಿದ್ದೆಲ್ಲ?”

“ಅದು ನಿಮ್ಮ ಸಲುವಾಗಿ.”

ಅವರೆಂದರು, “ನನಗೂ ಹತ್ತವಲ್ದು. ಕಿವಿ ಖಾಲಿ ಖಾಲಿ ಅನಸ್ತೈತಿ. ನೀ ಅಷ್ಟು ಛಲೋ ಮಲಗಿದ್ದಿ ಅಂತ ಸುಮ್ಮಿದ್ದೆ.” ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ನನ್ನ ಪಕ್ಕೆಲುಬು ನೊಂದವು.

ರಬಕವಿಗೆ ಹೋದ ನೇಕಾರ ಮರಳಿ ಬರಲಿಲ್ಲ. ಅಲ್ಲಿ ಅವನಿಗೆ ಹಗಲು ಪಾಳಿ ಸಿಕ್ಕಿತ್ತು. ಈಗ ಇವರೇ ರಾತ್ರಿ ಉಂಡ ಮೇಲೆ ಹನ್ನೆರಡರವರೆಗೆ ಒಂದು ಮಗ್ಗ ನಡೆಸುತ್ತಾರೆ. ಹಗಲೆಲ್ಲ ನೇಯ್ದವರು, ಮೊಣಕಾಲು ಹಿಡಿದುಕೊಂಡೇ ಹೋಗುತ್ತಾರೆ. “ಸಪ್ಪಳ ಇದ್ದಷ್ಟೊತ್ತಿನಾಗ ನೀ ಮಲಗಿಬಿಡು,” ಎನ್ನುತ್ತಾರೆ. ಮೊದಲ ವಾರ ನಾನೂ ನಂಬಿದ್ದೆ. ಸದ್ದು ಮರಳಿತು, ಗೋಡೆ ನಡುಗಿತು, ನಿದ್ದೆ ಮಾತ್ರ ಬರಲಿಲ್ಲ. ಸದ್ದು ಮುಚ್ಚುವಷ್ಟು ಸಣ್ಣದಾಗಿ ಉಳಿದಿಲ್ಲ ನೋವು. ಬೇಡವೆಂದು ಈಗ ಜೋರಾಗಿಯೇ ಹೇಳುತ್ತೇನೆ. ಮಗ್ಗದ ಸದ್ದಿನಲ್ಲಿ ಅವರಿಗೆ ಕೇಳಿಸುವುದಿಲ್ಲ, ಅಥವಾ ಹಾಗೆಂದು ತೋರಿಸುತ್ತಾರೆ.

ಹನ್ನೆರಡಕ್ಕೆ ಮಗ್ಗ ನಿಲ್ಲುತ್ತದೆ. ಅವರು ಕೈಕಾಲು ತೊಳೆದು ಬಂದು ಮೆಲ್ಲಗೆ ಕೇಳುತ್ತಾರೆ, “ಹತ್ತಿತೇನ?”

“ಇಲ್ರಿ.”

“ಹತ್ತತೈತಿ ತಗೋ,” ಎನ್ನುವಷ್ಟರಲ್ಲಿ ಅವರಿಗೆ ಹತ್ತಿರುತ್ತದೆ. ಅಷ್ಟು ದಣಿದ ಮೇಲೆ ಅವರಿಗೀಗ ಸಪ್ಪಳವೂ ಬೇಕಾಗಿಲ್ಲ. ನಾನು ಬೇಕಾದಷ್ಟು ಸಲ ಮಗ್ಗುಲು ಬದಲಿಸುತ್ತೇನೆ.